ಅಟ್ಟದ ಮೇಲಣ ದ್ರಾಕ್ಷಿ

ರಾಜಮಹಾರಾಜರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳಿವೆ, ನಾಣ್ಯಗಳಿವೆ, ಆಸ್ಥಾನಕವಿಗಳ ಕೃತಿಗಳಿವೆ. ಒಂದು ರುಚಿಯ ಚರಿತ್ರೆಯನ್ನು ಬರೆಯಹೊರಟವನಿಗೆ ಇಂಥ ಆಧಾರಗಳು ಒದಗುವುದು ಅಪೂರ್ವ. ಅಡುಗೆಯಾಗಲಿ ಪಾನೀಯವಾಗಲಿ ಗಂಟಲು ದಾಟಿದ ಮೇಲೆ ಮುಗಿದುಹೋಯಿತು. ಮಾಡುವವರು ಬರೆದಿಡುವುದಿಲ್ಲ, ಬರೆಯಬಲ್ಲವರು ಸಾಮಾನ್ಯವಾಗಿ ಮಾಡುವುದಿಲ್ಲ. ಆದರೂ ಎಲ್ಲಿಯೋ ಒಮ್ಮೆ, ಮೇಲಧಿಕಾರಿಯೊಬ್ಬ ತನ್ನ ಕೈಕೆಳಗಿನವನಿಗೆ ಬರೆದ ಕಾಗದದಲ್ಲಿ ಒಂದು ರುಚಿ ಸಿಕ್ಕಿಕೊಂಡು ಶತಮಾನಗಳನ್ನು ದಾಟಿ ಬಂದಿರುತ್ತದೆ. ಉತ್ತರ ಇಟಲಿಯ ವೆರೋನಾ ನಗರದ ಬಳಿ ತಯಾರಾಗುವ ರೆಚೋತೊ ಎಂಬ ಸಿಹಿ ದ್ರಾಕ್ಷಾರಸದ ಪೂರ್ವಚರಿತ್ರೆ ಇಂಥದು. ಸುಮಾರು ಒಂದು ಸಾವಿರದ ಐನೂರು ವರ್ಷಗಳ ಹಿಂದಿನ ಒಂದು ಸರಕಾರಿ ಪತ್ರ ಅದಕ್ಕೆ ಸಾಕ್ಷಿ.

ಕನ್ನಡ ಪಾಠ ಹೇಳಿ ಜೀವಿಸುವವನಿಗೆ ಇಟಲಿಯ ಪಾನೀಯದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಪಾನದ ಮಹಿಮೆಯನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ಹಳೆಯ ಗದ್ಯದ ಮೇಲಿನ ಆಸಕ್ತಿ ನನ್ನನ್ನು ಆ ಪತ್ರದ ಬಳಿಗೆ ಕರೆದೊಯ್ಯಿತು. ಪತ್ರ ನನ್ನನ್ನು ಆ ಕಣಿವೆಗಳಿಗೆ ಕರೆದೊಯ್ಯಿತು, ಓದಿನ ಮೂಲಕ ಮಾತ್ರ. ಹೆಸರಿನ ವಿಷಯದಲ್ಲಿಯೂ ಒಂದು ಮಾತು. ಮದ್ಯ, ಮದಿರೆ ಎಂಬ ನಮ್ಮ ಮಾತುಗಳು ಎಲ್ಲ ಬಗೆಯ ಮಾದಕ ಪಾನೀಯಕ್ಕೂ ಸಲ್ಲುತ್ತವೆ. ಬೈಬಲನ್ನು ಕನ್ನಡಕ್ಕೆ ತಂದವರು ಬಳಸಿದ ‘ದ್ರಾಕ್ಷಾರಸ’ ಎಂಬ ಮಾತು ಹೆಚ್ಚು ಖಚಿತವಾದದ್ದು. ಅದನ್ನೇ ಇಲ್ಲಿ ಇಟ್ಟುಕೊಳ್ಳುತ್ತೇನೆ.

ವೆರೋನಾ ನಗರದ ವಾಯವ್ಯಕ್ಕೆ, ಲೆಸ್ಸೀನಿ ಬೆಟ್ಟಗಳ ತಪ್ಪಲಿನಲ್ಲಿ, ಆದಿಜೆ ನದಿಗೂ ಬೆಟ್ಟದ ಸಾಲಿಗೂ ನಡುವೆ ಹರಡಿರುವ ಸೀಮೆಗೆ ವಾಲ್ಪೊಲಿಚೆಲ್ಲ ಎಂದು ಹೆಸರು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಗಾರ್ದಾ ಸರೋವರವಿದೆ. ಬೆಟ್ಟದಿಂದ ಬಯಲಿನ ಕಡೆಗೆ ಇಳಿದು ಬರುವ ಕಣಿವೆಗಳು ಕೈಬೆರಳುಗಳಂತೆ ಬಿಡಿಬಿಡಿಯಾಗಿವೆ. ನೆಗ್ರಾರ್, ಮರಾನೊ, ಫುಮಾನೆ, ಸಾಂತ್ ಅಂಬ್ರೋಜೊ, ಸಾನ್ ಪಿಯೆತ್ರೊ ಇನ್ ಕರಿಯಾನೊ ಎಂಬ ಐದು ಊರುಗಳ ನೆಲವನ್ನು ಈ ಸೀಮೆಯ ಹಳೆಯ ತಿರುಳೆಂದು ಎಣಿಸುತ್ತಾರೆ. ಸುಣ್ಣಕಲ್ಲಿನ ನೆಲ, ಕೆಲವೆಡೆ ಜ್ವಾಲಾಮುಖಿಯಿಂದ ಬಂದ ಕಪ್ಪು ಮಣ್ಣು. ಇಲ್ಲಿ ಅಗೆದ ಕೆಂಪು ಛಾಯೆಯ ಕಲ್ಲನ್ನು ‘ವೆರೋನಾದ ಅಮೃತಶಿಲೆ’ ಎನ್ನುತ್ತಾರೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅವುಗಳ ಮೇಲೆ ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿಬಳ್ಳಿ.

ಬಳ್ಳಿಯ ಜಾತಿಗಳ ಹೆಸರುಗಳು ಸೊಗಸಾಗಿವೆ. ಮುಖ್ಯವಾದದ್ದು ಕೊರ್ವೀನಾ; ಕಾಗೆಯಂತೆ ಕಪ್ಪಾದದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ರೊಂದಿನೆಲ್ಲಾ ಎಂಬುದರಲ್ಲಿ ಬಾನಾಡಿ ಹಕ್ಕಿಯ ಹೆಸರಿದೆ. ಮೊಲಿನಾರಾ ಎಂದರೆ ಗಿರಣಿಯವಳು. ಅದರ ಹಣ್ಣಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಪುಡಿ ಕಾಣುವುದಷ್ಟೆ. ಇವುಗಳ ಹಣ್ಣನ್ನು ಕೊಯ್ದ ಕೂಡಲೆ ಹಿಂಡಿದರೆ ಹಗುರವಾದ, ದಿನಬಳಕೆಯ ಕೆಂಪು ದ್ರಾಕ್ಷಾರಸವಾಗುತ್ತದೆ. ರೆಚೋತೊ ಆಗಬೇಕಾದರೆ ಹಣ್ಣು ಕಾಯಬೇಕು.

ಕಾಯುವ ಕ್ರಮ ಹೀಗೆ. ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಮೊದಲಲ್ಲಿ ಕೊಯ್ಲು. ಗೊಂಚಲಿನ ಎರಡು ಭುಜಗಳಂತೆ ಹೊರಚಾಚಿದ ಭಾಗಕ್ಕೆ ಬಿಸಿಲು ಹೆಚ್ಚಾಗಿ ತಾಕುವುದರಿಂದ ಅಲ್ಲಿನ ಹಣ್ಣು ಹೆಚ್ಚು ಸಿಹಿ. ವೆರೋನಾದ ಆಡುನುಡಿಯಲ್ಲಿ ಕಿವಿಗೆ ‘ರೇಚ’ ಎನ್ನುತ್ತಾರೆ. ಗೊಂಚಲಿನ ಈ ಕಿವಿಗಳನ್ನು ಆರಿಸಿ ಮಾಡಿದ್ದು ರೆಚೋತೊ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವ್ಯುತ್ಪತ್ತಿ. ಆರಿಸಿದ ಹಣ್ಣನ್ನು ಮನೆಯ ಅಟ್ಟಕ್ಕೆ ಒಯ್ದು, ಒಂದರ ಮೇಲೊಂದು ಒರಗದಂತೆ ಬಿದಿರಿನ ತಡಿಕೆಗಳ ಮೇಲೆ ಹರಡುತ್ತಾರೆ, ಇಲ್ಲವೆ ದಾರಕ್ಕೆ ಕಟ್ಟಿ ತೂಗುಹಾಕುತ್ತಾರೆ. ಕಿಟಕಿಗಳನ್ನು ಒಣಹವೆಯಲ್ಲಿ ತೆರೆದು ಮಂಜು ಬಂದಾಗ ಮುಚ್ಚಬೇಕು. ಕೊಳೆತ ಹಣ್ಣನ್ನು ದಿನದಿನವೂ ಕಿತ್ತು ಎಸೆಯಬೇಕು. ಹೀಗೆ ಮೂರು ನಾಲ್ಕು ತಿಂಗಳು. ಡಿಸೆಂಬರು ಕಳೆದು ಜನವರಿಯೋ ಫೆಬ್ರವರಿಯೋ ಬರುವ ಹೊತ್ತಿಗೆ ಹಣ್ಣು ಸುಕ್ಕುಗಟ್ಟಿ, ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಕಳೆದುಕೊಂಡಿರುತ್ತದೆ. ಹೋದದ್ದು ನೀರು, ಉಳಿದದ್ದು ಸಿಹಿ. ಆಗ ಹಿಂಡುತ್ತಾರೆ. ನೂರು ಕಿಲೋ ಹಸಿ ಹಣ್ಣಿಗೆ ನಲವತ್ತು ಲೀಟರಿಗಿಂತ ಹೆಚ್ಚು ದ್ರಾಕ್ಷಾರಸವನ್ನು ತೆಗೆಯಲು ಇಂದಿನ ನಿಯಮ ಒಪ್ಪುವುದಿಲ್ಲ.

ಚಳಿಗಾಲದ ಆ ಗಟ್ಟಿ ರಸ ಹುಳಿಯುವುದು ಬಲು ನಿಧಾನ. ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಯೀಸ್ಟಿಗೆ ಶೈತ್ಯ ಒಂದು ಅಡ್ಡಿ. ಅತಿಯಾದ ಸಿಹಿಯೇ ಇನ್ನೊಂದು ಅಡ್ಡಿ. ತಾನೇ ಹುಟ್ಟಿಸಿದ ಮದ್ಯಸಾರ ಮೂರನೆಯದು. ಕೊನೆಗೆ ಅದು ಕೆಲಸವನ್ನು ಅರ್ಧಕ್ಕೆ ಬಿಡುತ್ತದೆ. ಹೀಗೆ ಬಿಟ್ಟುಹೋದ ಸಕ್ಕರೆಯೇ ರೆಚೋತೊವಿನ ಸಿಹಿ. ಹೊರಗಿನಿಂದ ಬೆರೆಸಿದ್ದು ಏನೂ ಇಲ್ಲ.

ದ್ರಾಕ್ಷಿಯನ್ನು ಒಣಗಿಸಿ ರಸ ತೆಗೆಯುವ ಉಪಾಯ ವೆರೋನಾದವರು ಕಂಡುಹಿಡಿದದ್ದಲ್ಲ. ಗ್ರೀಸಿನ ಪ್ರಾಚೀನ ಕವಿ ಹೆಸಿಯೊಡನು ರೈತನ ವರ್ಷದ ಕೆಲಸಗಳನ್ನು ಹೇಳುವಾಗ, ಕೊಯ್ದ ಗೊಂಚಲುಗಳನ್ನು ಹತ್ತು ದಿನ ಬಿಸಿಲಿನಲ್ಲಿಯೂ ಐದು ದಿನ ನೆರಳಿನಲ್ಲಿಯೂ ಇಡುವ ಪದ್ಧತಿಯನ್ನು ತಿಳಿಸುತ್ತಾನೆ. ರೋಮಿನ ಕೃಷಿಶಾಸ್ತ್ರಜ್ಞ ಕೊಲುಮೆಲ್ಲನು ಕಾರ್ಥೇಜಿನ ಮಾಗೋ ಎಂಬವನ ಹೆಸರಿನಲ್ಲಿ ಇಂಥದೇ ಒಂದು ವಿಧಾನವನ್ನು ಕೊಟ್ಟಿದ್ದಾನೆ. ಇವೆಲ್ಲ ದಕ್ಷಿಣದ ಬಿಸಿಲುನಾಡುಗಳ ಪದ್ಧತಿಗಳು. ಆಲ್ಪ್ಸ್ ಪರ್ವತದ ಬುಡದಲ್ಲಿ ಅಕ್ಟೋಬರಿನ ಬಿಸಿಲನ್ನು ನೆಚ್ಚಿಕೊಳ್ಳುವಂತಿಲ್ಲ. ಮಳೆ, ಮಂಜು ಎರಡೂ ಬೆನ್ನುಹತ್ತಿ ಬರುತ್ತವೆ. ಆದ್ದರಿಂದ ಅಲ್ಲಿಯವರು ಬಯಲನ್ನು ಬಿಟ್ಟು ಸೂರಿನಡಿಗೆ ಬಂದರು. ಬಿಸಿಲು ಹತ್ತು ದಿನಗಳಲ್ಲಿ ಮಾಡುವುದನ್ನು ಗಾಳಿ ನೂರು ದಿನಗಳಲ್ಲಿ ಮಾಡುತ್ತದೆ. ಹಾಗೆ ನಿಧಾನವಾಗಿ ಒಣಗಿದ ಹಣ್ಣಿನ ರುಚಿಯೂ ಬೇರೆ.

ರೋಮನರ ಕಾಲದಲ್ಲಿ ಈ ಕಡೆಯ ದ್ರಾಕ್ಷಾರಸಕ್ಕೆ ‘ರೇಟಿಯ’ದ್ದೆಂಬ ಹೆಸರಿತ್ತು. ವರ್ಜಿಲ್ ಕವಿ ನೆರೆಯ ಮಾಂತುವಾದವನು. ಅವನು ತನ್ನ ಕೃಷಿಕಾವ್ಯ ‘ಜಾರ್ಜಿಕ್ಸ್’ನಲ್ಲಿ ರೇಟಿಯದ ದ್ರಾಕ್ಷಿಯನ್ನು ಹೊಗಳಿ, ದಕ್ಷಿಣದ ಪ್ರಸಿದ್ಧ ಫಲೆರ್ನಿಯದೊಡನೆ ಮಾತ್ರ ಅದು ಸ್ಪರ್ಧಿಸಬಾರದೆಂದು ಬುದ್ಧಿ ಹೇಳಿದ್ದಾನೆ. ಚಕ್ರವರ್ತಿ ಅಗಸ್ಟಸನು ಮಿತಪಾನಿ. ಆದರೂ ಅವನಿಗೆ ರೇಟಿಯದ್ದೆಂದರೆ ವಿಶೇಷ ಪ್ರೀತಿಯೆಂದು ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಅದು ಸಿಹಿಯೋ ಒಗರೋ ಎಂಬುದನ್ನು ಇವರಿಬ್ಬರೂ ಹೇಳುವುದಿಲ್ಲ. ಆದ್ದರಿಂದ ನಮ್ಮ ಚರಿತ್ರೆಯನ್ನು ಅಗಸ್ಟಸನಿಂದ ಆರಂಭಿಸುವ ಆಸೆಯನ್ನು ಬಿಡಬೇಕು.

ಸಂದೇಹಕ್ಕೆ ಎಡೆಯಿಲ್ಲದ ಸಾಕ್ಷಿ ದೊರೆಯುವುದು ಆರನೆಯ ಶತಮಾನದಲ್ಲಿ. ಪಶ್ಚಿಮ ರೋಮ್ ಸಾಮ್ರಾಜ್ಯ ಮುರಿದುಬಿದ್ದಿತ್ತು. ಇಟಲಿಯನ್ನು ಆಸ್ಟ್ರೊಗಾಥ್ ಜನಾಂಗದ ರಾಜರು ರವೆನ್ನಾ ನಗರದಿಂದ ಆಳುತ್ತಿದ್ದರು. ಗಾಥರ ಕೈಯಲ್ಲಿ ಕತ್ತಿ, ರೋಮನರ ಕೈಯಲ್ಲಿ ಲೇಖನಿ, ಇದು ಆ ಸರಕಾರದ ವ್ಯವಸ್ಥೆ. ಆ ಲೇಖನಿಗಳಲ್ಲಿ ಶ್ರೇಷ್ಠವಾದದ್ದು ಕ್ಯಾಸಿಯೊಡೋರಸನದು. ಈತ ದಕ್ಷಿಣ ಇಟಲಿಯವನು, ಹಲವು ರಾಜರ ಕೈಕೆಳಗೆ ದುಡಿದವನು, 533ರಿಂದ ಕೆಲವು ವರ್ಷ ಇಟಲಿಯ ಮುಖ್ಯಾಧಿಕಾರಿಯಾಗಿದ್ದವನು. ತಾನು ಬರೆದ ಸರಕಾರಿ ಪತ್ರಗಳನ್ನು ಈತ ಹನ್ನೆರಡು ಭಾಗಗಳಲ್ಲಿ ಒಟ್ಟುಗೂಡಿಸಿ ‘ವಾರಿಯೇ’ ಎಂಬ ಹೆಸರಿಟ್ಟ. ತೆರಿಗೆ, ನೇಮಕ, ನ್ಯಾಯ, ದುರಸ್ತಿ, ಎಲ್ಲ ವಿಷಯಕ್ಕೂ ಅಲಂಕಾರ ತೊಡಿಸಿ ಬರೆಯುವುದು ಅವನ ಶೈಲಿ. ಕಚೇರಿಯ ಕಾಗದವೂ ಸಾಹಿತ್ಯವಾಗಬೇಕೆಂದು ಹಟ ತೊಟ್ಟ ಮನುಷ್ಯ.

ಹನ್ನೆರಡನೆಯ ಭಾಗದ ನಾಲ್ಕನೆಯ ಪತ್ರ ವೆನೇಷಿಯ ಪ್ರಾಂತದ ತೆರಿಗೆಯ ಅಧಿಕಾರಿಗೆ ಬರೆದದ್ದು. ರಾಜನ ಭೋಜನಶಾಲೆಗೆ ಬೇಕಾದ ಒಂದು ಪದಾರ್ಥ ಮುಗಿಯುತ್ತ ಬಂದಿದೆ, ವೆರೋನಾದ ಕಡೆಯಿಂದ ಸಂಗ್ರಹಿಸಿ ಕಳುಹಿಸಬೇಕು ಎಂಬುದಿಷ್ಟೇ ಅದರ ಕಾರ್ಯಭಾಗ. ಆ ಪದಾರ್ಥ ‘ಅಸಿನಾಟಿಕುಂ’ ಎಂಬ ದ್ರಾಕ್ಷಾರಸ. ಇಷ್ಟು ಹೇಳಿ ಮುಗಿಸಿದ್ದರೆ ಇಂದು ನಮಗೆ ತಿಳಿಯುತ್ತಿದ್ದದ್ದು ಒಂದು ಹೆಸರು ಮಾತ್ರ. ಆದರೆ ಕ್ಯಾಸಿಯೊಡೋರಸನಿಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ರಾಜನ ಎಲೆಯ ಮೇಲೆ ದೂರದೂರದ ಅಪೂರ್ವ ವಸ್ತುಗಳಿರಬೇಕು, ಡಾನ್ಯೂಬಿನ ಮೀನೂ ಬರಬೇಕು, ರೈನ್ ನದಿಯ ಮೀನೂ ಬರಬೇಕು. ಪರದೇಶದ ರಾಯಭಾರಿಗಳು ಅದನ್ನು ಕಂಡು ಈತನ ರಾಜ್ಯ ಎಷ್ಟು ವಿಶಾಲವಾದದ್ದೆಂದು ತಿಳಿದುಕೊಳ್ಳಬೇಕು ಎಂದು ಮೊದಲು ರಾಜನೀತಿಯನ್ನು ಹೇಳುತ್ತಾನೆ. ಅನಂತರ ತಯಾರಿಕೆಯ ವಿವರಕ್ಕೆ ಬರುತ್ತಾನೆ. ಮನೆಯ ಚಪ್ಪರಗಳಿಂದ ಶರತ್ಕಾಲದಲ್ಲಿ ಆರಿಸಿದ ದ್ರಾಕ್ಷಿಯನ್ನು ತಲೆಕೆಳಗಾಗಿ ತೂಗುಹಾಕುವುದು. ಅದು ಕರಗದೆ ಗಟ್ಟಿಯಾಗಿ, ಸಪ್ಪೆಯಾದ ನೀರನ್ನೆಲ್ಲ ಬೆವರಿ ಹೊರಹಾಕುವುದು. ಡಿಸೆಂಬರಿನವರೆಗೆ ಕಾದು, ಉಳಿದ ಕಡೆಯ ದ್ರಾಕ್ಷಾರಸವೆಲ್ಲ ಹಳತಾಗುವ ಹೊತ್ತಿಗೆ ಇದು ಹೊಸದಾಗಿ ಹರಿಯತೊಡಗುವುದು. ಕೆಂಪಿನದರ ಬಣ್ಣವನ್ನು ರಾಜವಸ್ತ್ರದ ಬಣ್ಣಕ್ಕೆ ಹೋಲಿಸುತ್ತಾನೆ. ಕುಡಿಯುವುದೋ ತಿನ್ನುವುದೋ ಎಂಬ ಅನುಮಾನ ಬರುವಷ್ಟು ಅದು ದಪ್ಪವೆನ್ನುತ್ತಾನೆ. ಹಾಲಿನಂತೆ ಬೆಳ್ಳಗಿನ ಇನ್ನೊಂದು ಬಗೆಯನ್ನೂ ಹೊಗಳಿ, ಎರಡನ್ನೂ ಕಳುಹಿಸೆಂದು ಅಪ್ಪಣೆ ಮಾಡುತ್ತಾನೆ.

ಈ ವರ್ಣನೆಯನ್ನು ಓದಿದವರು ಇಂದಿನ ವಾಲ್ಪೊಲಿಚೆಲ್ಲದ ಅಟ್ಟವೊಂದನ್ನು ನೋಡಿದರೆ ಆಶ್ಚರ್ಯಪಡದೆ ಇರಲಾರರು. ಬಿಳಿಯದಕ್ಕೂ ಇಂದು ವಾರಸುದಾರನಿದ್ದಾನೆ: ಪೂರ್ವಕ್ಕಿರುವ ಸೋವಾವೆ ಎಂಬ ಊರಿನ ಗುಡ್ಡಗಳಲ್ಲಿ ಗಾರ್ಗಾನೆಗಾ ಜಾತಿಯ ಬಿಳಿ ದ್ರಾಕ್ಷಿಯಿಂದ ಅದೇ ಕ್ರಮದಲ್ಲಿ ಬಿಳಿಯ ರೆಚೋತೊವನ್ನು ಮಾಡುತ್ತಾರೆ.

ಈ ಪತ್ರವನ್ನು ಪ್ರಸ್ತಾಪಿಸುವವರು ಬಹಳ ಮಂದಿ. ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಅದೇ ಹನ್ನೆರಡನೆಯ ಭಾಗದಲ್ಲಿ ಇನ್ನೂ ಕೆಲವು ಹಾಳೆಗಳನ್ನು ತಿರುವಬೇಕು. ಇಪ್ಪತ್ತೈದನೆಯ ಪತ್ರದಲ್ಲಿ ಇದೇ ಮನುಷ್ಯ ಬೇರೆ ದನಿಯಲ್ಲಿ ಮಾತನಾಡುತ್ತಿದ್ದಾನೆ. ಸೂರ್ಯ ತನ್ನ ಬೆಳಕನ್ನು ಕಳೆದುಕೊಂಡು ನೀಲಿಗಟ್ಟಿದಂತೆ ತೋರುತ್ತಿದ್ದಾನೆ; ನಡುಹಗಲಿನಲ್ಲಿಯೂ ದೇಹಕ್ಕೆ ನೆರಳು ಬೀಳುತ್ತಿಲ್ಲ; ಬೇಸಗೆಯಲ್ಲಿ ಸೆಕೆಯಿಲ್ಲ; ಹಣ್ಣು ಮಾಗುವ ಕಾಲದಲ್ಲಿ ಚಳಿ ಕೊರೆಯುತ್ತಿದೆ. ಕಳೆದ ವರ್ಷದ ಬೆಳೆ ಸಮೃದ್ಧವಾಗಿತ್ತು, ಆ ದಾಸ್ತಾನಿನಿಂದ ಈ ವರ್ಷದ ಕೊರತೆಯನ್ನು ತುಂಬಿಸಬೇಕೆಂದು ತನ್ನ ಸಹಾಯಕನಿಗೆ ಆಜ್ಞೆ ಮಾಡುತ್ತಾನೆ. ಬಹುಕಾಲ ಇದನ್ನು ಆಲಂಕಾರಿಕನ ಅತಿಶಯೋಕ್ತಿಯೆಂದು ತಿಳಿಯುವುದು ಸುಲಭವಾಗಿತ್ತು. ಈಗ ಗ್ರೀನ್‌ಲೆಂಡಿನ ಹಿಮದ ಪದರಗಳೂ ಹಳೆಯ ಮರಗಳ ಬೆಳವಣಿಗೆಯ ಉಂಗುರಗಳೂ ಅವನ ಪಕ್ಷದಲ್ಲಿ ಸಾಕ್ಷಿ ನುಡಿದಿವೆ. 536ರಲ್ಲಿ ಭಾರಿ ಜ್ವಾಲಾಮುಖಿಯೊಂದು ಸಿಡಿದು ಅದರ ಧೂಳಿನ ಮುಸುಕು ಉತ್ತರಾರ್ಧಗೋಳದ ಬಿಸಿಲನ್ನು ಕವಿದಿತ್ತು.

ಅದರ ಮುಂದಿನ ಪತ್ರ ಮತ್ತೆ ವೆನೇಷಿಯ ಪ್ರಾಂತವನ್ನು ಕುರಿತದ್ದು. ರಾಜಭೋಜನಕ್ಕೆ ಸಿಹಿಯನ್ನು ಕಳುಹಿಸಬೇಕಾಗಿದ್ದ ಆ ಪ್ರಾಂತದಲ್ಲಿ ಈಗ ಕ್ಷಾಮ. ಅಕ್ವಿಲೇಯ, ಕಂಕಾರ್ಡಿಯ ಮೊದಲಾದ ಊರುಗಳವರು ಸರಕಾರಕ್ಕೆ ಸಲ್ಲಿಸಬೇಕಾದ ಗೋಧಿಯನ್ನೂ ದ್ರಾಕ್ಷಾರಸವನ್ನೂ ಮನ್ನಾ ಮಾಡಿದೆ ಎಂದು ಅಲ್ಲಿ ಬರೆದಿದೆ. ಇವೆರಡನ್ನು ಒಟ್ಟಿಗೆ ಓದಿದಾಗಲೇ ನನಗೆ ಅಸಿನಾಟಿಕುಮಿನ ನಿಜವಾದ ಬೆಲೆ ಹೊಳೆದದ್ದು. ಹಣ್ಣನ್ನು ಕೊಯ್ದು ನಾಲ್ಕು ತಿಂಗಳು ಬಿಟ್ಟಿಡುವುದೆಂದರೆ, ಅದರ ತೂಕ ಕರಗುವುದನ್ನು ನೋಡುತ್ತ ಕೂರುವುದೆಂದರೆ, ಹೊಟ್ಟೆ ತುಂಬಿದ ವರ್ಷದ ಕೆಲಸ. ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಗಾಳಿಗೆ ಬಿಟ್ಟುಕೊಡುವ ಧೈರ್ಯ ಬರಗಾಲದವನಿಗೆ ಎಲ್ಲಿಂದ ಬರಬೇಕು? ಸಿಹಿ ದ್ರಾಕ್ಷಾರಸವಿರುವ ಕಡೆ ಕಣಜದಲ್ಲಿ ಏನೋ ಉಳಿದಿದೆ ಎಂದು ಅರ್ಥ. ಅದು ಇಲ್ಲವಾದರೆ ಕಣಜ ಬರಿದಾಗಿದೆ ಎಂದು ಅರ್ಥ.

ಆ ವೇಳೆಗಾಗಲೇ ಯುದ್ಧ ಹೊತ್ತಿಕೊಂಡಿತ್ತು. 535ರಲ್ಲಿ ಪೂರ್ವ ರೋಮಿನ ಚಕ್ರವರ್ತಿ ಜಸ್ಟಿನಿಯನ್ ಇಟಲಿಯನ್ನು ಗಾಥರಿಂದ ಮರಳಿ ಪಡೆಯಲು ಸೇನೆ ಕಳುಹಿಸಿದ. 540ರಲ್ಲಿ ಅವನ ದಂಡನಾಯಕ ಬೆಲಿಸೇರಿಯಸ್ ರವೆನ್ನಾವನ್ನು ಹೊಕ್ಕ. ಎರಡು ದಶಕಗಳ ಕಾದಾಟ ಇಟಲಿಯನ್ನು ಹಣ್ಣುಮಾಡಿತು. ಕ್ಯಾಸಿಯೊಡೋರಸನು ಕೊನೆಗೆ ತನ್ನ ಹುಟ್ಟೂರಿನ ಕಡೆ ವಿವಾರಿಯಂ ಎಂಬ ಮಠವನ್ನು ಸ್ಥಾಪಿಸಿ, ಹಳೆಯ ಗ್ರಂಥಗಳ ಪ್ರತಿ ಮಾಡಿಸುತ್ತ ದೀರ್ಘಾಯುಷ್ಯವನ್ನು ಕಳೆದ. 568ರ ಸುಮಾರಿಗೆ ಉತ್ತರದಿಂದ ಲಾಂಗೊಬಾರ್ಡ್ ಜನ ಇಳಿದುಬಂದರು. ಅವರ ರಾಜ ಆಲ್ಬೊಯಿನ್ ವೆರೋನಾದ ಔತಣವೊಂದರಲ್ಲಿ, ತಾನು ಕೊಂದ ಶತ್ರುವಿನ ತಲೆಬುರುಡೆಯ ಬಟ್ಟಲಿನಲ್ಲಿ ದ್ರಾಕ್ಷಾರಸ ತುಂಬಿ, ಆ ಶತ್ರುವಿನ ಮಗಳೂ ತನ್ನ ರಾಣಿಯೂ ಆದ ರೋಸಮುಂಡಳಿಗೆ ಕುಡಿಯೆಂದು ಕೊಟ್ಟನಂತೆ. 572ರಲ್ಲಿ ಅದೇ ನಗರದಲ್ಲಿ ಅವನ ಕೊಲೆಯಾಯಿತು, ಅದರ ಹಿಂದೆ ರಾಣಿಯ ಕೈಯಿತ್ತು ಎಂದು ಆ ಜನಾಂಗದ ಚರಿತ್ರೆಕಾರ ಪೌಲನು ಹೇಳುತ್ತಾನೆ. ರಾಯಭಾರಿಗಳನ್ನು ಬೆರಗುಗೊಳಿಸಬೇಕಾಗಿದ್ದ ಪಾನೀಯದ ನಾಡಿಗೆ ಇಂಥ ಔತಣದ ಕಾಲ ಬಂದಿತು.

ಇಲ್ಲಿಂದ ಮುಂದೆ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಇಂದಿನ ರೆಚೋತೊ ಅಂದಿನ ಅಸಿನಾಟಿಕುಮಿನ ನೇರ ಸಂತತಿಯೇ? ಊರಿನ ಅಭಿಮಾನಿಗಳು ಹೌದೆನ್ನುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ವೆರೋನಾದ ವಿದ್ವಾಂಸ ಶಿಪಿಯೋನೆ ಮಫ್ಫೇಯಿ ತನ್ನ ನಗರದ ದೊಡ್ಡ ಚರಿತ್ರೆಯಲ್ಲಿ ಕ್ಯಾಸಿಯೊಡೋರಸನ ಪತ್ರವನ್ನು ನೆನೆದು, ಆ ಪದ್ಧತಿಯನ್ನು ತನ್ನ ಕಾಲದ ದ್ರಾಕ್ಷಾರಸದೊಂದಿಗೆ ಜೋಡಿಸಿದ. ಆದರೆ ನಡುವಿನ ಸಾವಿರ ವರ್ಷಗಳ ಉದ್ದಕ್ಕೂ ಕೊಂಡಿ ತಪ್ಪದ ಸರಪಳಿಯೊಂದು ದಾಖಲೆಗಳಲ್ಲಿದೆ ಎನ್ನುವಂತಿಲ್ಲ. ಬಳ್ಳಿಯ ಜಾತಿಗಳ ಇಂದಿನ ಹೆಸರುಗಳು ಅಷ್ಟು ಹಿಂದಿನವಲ್ಲ. ರೆಚೋತೊ ಎಂಬ ಮಾತೂ ಅಷ್ಟು ಹಿಂದಿನದಲ್ಲ. ಸಮವಾಗಿ ಉಳಿದದ್ದು ಒಂದು ಕೆಲಸ: ಕೊಯ್ಯುವುದು, ತೂಗುಹಾಕುವುದು, ಕಾಯುವುದು, ಚಳಿಯಲ್ಲಿ ಹಿಂಡುವುದು. ವಂಶಾವಳಿಯನ್ನು ಹೆಸರಿನಲ್ಲಿ ಹುಡುಕುವುದಕ್ಕಿಂತ ಕೈಕೆಲಸದಲ್ಲಿ ಹುಡುಕುವುದು ಲೇಸೆಂದು ನನ್ನ ಅಭಿಪ್ರಾಯ.

ನಡುವಣ ಕಾಲದಲ್ಲಿ ಆ ಕಣಿವೆಗಳು ಬರಿದಾಗಿರಲಿಲ್ಲ ಎಂಬುದಕ್ಕೆ ಗುರುತುಗಳಿವೆ. ಸಾನ್ ಜೋರ್ಜೊ ಎಂಬ ಗುಡ್ಡದ ಊರಿನ ಹಳೆಯ ಚರ್ಚಿನಲ್ಲಿ ಕಲ್ಲಿನ ಮಂಟಪವೊಂದಿದೆ. ಲಾಂಗೊಬಾರ್ಡ್ ರಾಜ ಲಿಯುತ್‌ಪ್ರಾಂದನ ಕಾಲದ್ದು, ಎಂದರೆ ಎಂಟನೆಯ ಶತಮಾನದ ಮೊದಲ ಭಾಗದ್ದು. ಅದರ ಕಂಬದ ಮೇಲಿನ ಶಾಸನ ಉರ್ಸುಸ್ ಎಂಬ ಶಿಲ್ಪಿಯನ್ನೂ ಅವನ ಇಬ್ಬರು ಶಿಷ್ಯರನ್ನೂ ಹೆಸರಿಸುತ್ತದೆ. ಕಲ್ಲು ಕಡೆದವರ ಹೆಸರು ಉಳಿಯಿತು. ಅದೇ ಊರಿನಲ್ಲಿ ದ್ರಾಕ್ಷಿ ಹಿಂಡಿದವರ ಹೆಸರು ಉಳಿಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ವಾಲ್ಪೊಲಿಚೆಲ್ಲ ಎಂಬ ಹೆಸರು ದಾಖಲೆಗಳಲ್ಲಿ ಕಾಣಿಸುತ್ತದೆ. ‘ಹಲವು ನೆಲಮಾಳಿಗೆಗಳ ಕಣಿವೆ’ ಎಂದು ಅದಕ್ಕೆ ಅರ್ಥ ಹೇಳುವುದುಂಟು. ಕೇಳಲು ಚೆನ್ನಾಗಿದೆ, ನಂಬಲು ಆಧಾರ ಸಾಲದು. ದೇಶಭ್ರಷ್ಟನಾದ ದಾಂತೆ ಮಹಾಕವಿಗೆ ವೆರೋನಾದ ಪ್ರಭು ಕಾಂಗ್ರಾಂದೆ ಆಶ್ರಯ ಕೊಟ್ಟದ್ದು ಪ್ರಸಿದ್ಧ ಸಂಗತಿ. ಕವಿಯ ಮಗ ಪಿಯೆತ್ರೊ 1353ರಲ್ಲಿ ಈ ಸೀಮೆಯ ಗಾರ್ಗನ್ಯಾಗೊ ಎಂಬಲ್ಲಿ ಜಮೀನು ಕೊಂಡ. ಆ ವಂಶದವರು ಇಂದಿಗೂ ಅಲ್ಲಿ ದ್ರಾಕ್ಷಿ ಬೆಳೆಸುತ್ತಿದ್ದಾರೆ. 1405ರಿಂದ 1797ರವರೆಗೆ ವೆರೋನಾ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. ವೆನಿಸಿನ ಶ್ರೀಮಂತಿಕೆಯ ನೆರಳಿನಲ್ಲಿ ಈ ಗುಡ್ಡಗಳ ಮೇಲೆ ಧನಿಕರ ತೋಟದ ಮನೆಗಳು ಎದ್ದವು.

ಈ ಸಿಹಿಗೆ ಅಷ್ಟೊಂದು ಮಾನ ಏಕೆ ಬಂತು ಎಂಬುದನ್ನು ನಾವು ಸುಲಭವಾಗಿ ಊಹಿಸಲಾರೆವು. ಕಬ್ಬಿನ ನಾಡಿನವರಿಗೆ ಸಿಹಿ ಅಪೂರ್ವವಲ್ಲ. ಅಂದಿನ ಯೂರೋಪಿನಲ್ಲಿ ಸಿಹಿಯೆಂದರೆ ಜೇನು, ಇಲ್ಲವೆ ಹಣ್ಣು. ನಮ್ಮ ‘ಶರ್ಕರಾ’ ಎಂಬ ಮಾತು ಅರಬರ ಬಾಯಲ್ಲಿ ‘ಸುಕ್ಕರ್’ ಆಗಿ, ಇಟಲಿಯಲ್ಲಿ ‘ಜುಕ್ಕೆರೊ’ ಆಯಿತು. ಮಾತು ನಡೆದ ದಾರಿಯಲ್ಲಿಯೇ ಪದಾರ್ಥವೂ ನಡೆಯಿತು. ವೆನಿಸಿನ ವ್ಯಾಪಾರಿಗಳು ಅದನ್ನು ತಂದಾಗಲೂ ಅದು ಬಹುಕಾಲ ಸಂಬಾರದ ಪದಾರ್ಥಗಳಂತೆ ದುಬಾರಿ. ಬೀಟ್ ಗೆಡ್ಡೆಯ ಸಕ್ಕರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದು ಹರಡಿದ ಮೇಲೆ ಸಿಹಿ ಎಲ್ಲರ ಮನೆಗೂ ಬಂತು. ನಾಲ್ಕು ತಿಂಗಳು ಕಾದು ಪಡೆಯುವ ಸಿಹಿಯ ಮಾನ ಇಳಿಯಲು ಆರಂಭವಾದದ್ದು ಆಗಲೇ ಎಂದು ತೋರುತ್ತದೆ.

ಇನ್ನು ಆ ಅಟ್ಟಗಳನ್ನು ಸ್ವಲ್ಪ ಹೊಕ್ಕು ನೋಡೋಣ. ಹಣ್ಣು ಹರಡುವ ಬಿದಿರಿನ ತಡಿಕೆಗೆ ಅಲ್ಲಿಯವರು ‘ಅರೇಲೆ’ ಎನ್ನುತ್ತಾರೆ. ಅದು ದ್ರಾಕ್ಷಿಗಾಗಿಯೇ ಹುಟ್ಟಿದ್ದಲ್ಲ. ವಸಂತದಲ್ಲಿ ಅದೇ ಅಟ್ಟದಲ್ಲಿ, ಅದೇ ತಡಿಕೆಯ ಮೇಲೆ ರೇಷ್ಮೆಹುಳು ಸಾಕುತ್ತಿದ್ದರು; ಹಿಪ್ಪುನೇರಳೆಯ ಸೊಪ್ಪು ತಿಂದು ಹುಳು ಗೂಡು ಕಟ್ಟಿ ಮುಗಿದ ಮೇಲೆ, ಶರತ್ಕಾಲದಲ್ಲಿ ದ್ರಾಕ್ಷಿ ಬಂದು ಆ ಸ್ಥಳವನ್ನು ಹಿಡಿಯುತ್ತಿತ್ತು. ಎರಡಕ್ಕೂ ಬೇಕಾದದ್ದು ಒಂದೇ: ಗಾಳಿ, ಶುಚಿ, ರಾತ್ರಿಹಗಲೂ ಎಚ್ಚರದ ಕಣ್ಣು. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮವರು ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ‘ಹಣ್ಣಾಯಿತು’ ಎನ್ನುತ್ತಾರೆ. ವೆರೋನಾದ ಅಟ್ಟಕ್ಕೆ ಆ ಮಾತು ಎರಡು ಋತುಗಳಲ್ಲಿಯೂ ಒಪ್ಪುತ್ತಿತ್ತು. ಇಟಲಿಯ ರೇಷ್ಮೆಯ ಅನುಭವ ನಮ್ಮ ನಾಡಿಗೆ ತೀರ ಹೊರಗಿನದೂ ಅಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರಕಾರ ಈ ಕಸುಬನ್ನು ಸುಧಾರಿಸಲೆಂದು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿಕೊಂಡಿತ್ತು.

ಆದರೆ ಆ ಅಟ್ಟ ಯಾರದು, ಅದರ ಫಲ ಯಾರದು ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿಲ್ಲ. ಇಟಲಿಯ ಬಹುಭಾಗದಲ್ಲಿದ್ದಂತೆ ಈ ಕಡೆಯಲ್ಲಿಯೂ ಜಮೀನು ಒಡೆಯನದು, ದುಡಿಮೆ ರೈತನದು, ಬೆಳೆಯಲ್ಲಿ ಪಾಲು ಎಂಬ ವ್ಯವಸ್ಥೆ ಶತಮಾನಗಳ ಕಾಲ ನಡೆಯಿತು. ಇದು ನಮ್ಮ ವಾರದ ಗೇಣಿಯನ್ನು ಹೋಲುತ್ತದೆ. ಹೊಸದಾಗಿ ಇಂಥ ಕರಾರು ಮಾಡಿಕೊಳ್ಳಬಾರದೆಂದು ಇಟಲಿಯಲ್ಲಿ ಕಾನೂನಾದದ್ದು 1964ರಲ್ಲಿ. ಅದಕ್ಕೆ ಮುಂಚೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ವೆನೆತೊ ಪ್ರಾಂತದ ಹಳ್ಳಿಗಳಿಂದ ಸಹಸ್ರಾರು ಕುಟುಂಬಗಳು ಬ್ರೆಜಿಲ್ ಮುಂತಾದ ದೇಶಗಳಿಗೆ ವಲಸೆ ಹೋದವು. ಇಂಥ ಬಾಳಿನಲ್ಲಿ ರೈತನ ಮನೆಗೆ ರೆಚೋತೊ ದಿನದ ಪಾನೀಯವಲ್ಲ. ಮದುವೆಗೊಂದಿಷ್ಟು, ಕ್ರಿಸ್ಮಸ್ಸಿಗೊಂದಿಷ್ಟು, ಮನೆಗೆ ಬಂದ ಗೌರವಸ್ಥರಿಗೊಂದಿಷ್ಟು. ಹಬ್ಬದ ದಿನ ವೆರೋನಾದವರು ನಕ್ಷತ್ರದ ಆಕಾರದ ಪಂದೋರೊ ಎಂಬ ಮೆತ್ತನೆಯ ಸಿಹಿರೊಟ್ಟಿಯ ಜೊತೆಗೆ ಅದನ್ನು ಸಣ್ಣ ಲೋಟಗಳಲ್ಲಿ ಕುಡಿಯುತ್ತಾರೆ. ರಾಜನ ಭೋಜನಶಾಲೆ ಅಳಿದ ಮೇಲೆ ಆ ಸಿಹಿಯನ್ನು ಉಳಿಸಿದ್ದು ಈ ಸಣ್ಣ ಲೋಟ.

ಇಪ್ಪತ್ತನೆಯ ಶತಮಾನ ಅದಕ್ಕೊಬ್ಬ ದಾಯಾದಿಯನ್ನು ತಂದಿತು. ಕೆಲವೊಮ್ಮೆ ಪೀಪಾಯಿಯಲ್ಲಿ ಯೀಸ್ಟ್ ನಿಲ್ಲದೆ ಕೆಲಸ ಮುಂದುವರಿಸಿ ಸಕ್ಕರೆಯನ್ನೆಲ್ಲ ತಿಂದುಹಾಕುವುದುಂಟು. ಆಗ ಸಿಹಿ ಹೋಗಿ, ಕಡುವಾದ, ಒಗರು ಮಿಶ್ರಿತವಾದ ದ್ರಾಕ್ಷಾರಸ ಉಳಿಯುತ್ತದೆ. ‘ತಪ್ಪಿಸಿಕೊಂಡು ಹೋದ ರೆಚೋತೊ’ ಎಂದು ಅದನ್ನು ಕರೆಯುತ್ತಿದ್ದರು. 1933ರಲ್ಲಿ ರೈತರು ಕೂಡಿ ಸ್ಥಾಪಿಸಿದ ನೆಗ್ರಾರಿನ ಸಹಕಾರಿ ಸಂಘದ ನೆಲಮಾಳಿಗೆಯಲ್ಲಿ, 1936ರಲ್ಲಿ, ಮರೆತುಹೋಗಿದ್ದ ಇಂಥದೊಂದು ಪೀಪಾಯಿ ಸಿಕ್ಕಿತೆಂದೂ, ಅದೆಲಿನೊ ಲುಕ್ಕೇಸೆ ಎಂಬ ಮೇಲ್ವಿಚಾರಕ ರುಚಿ ನೋಡಿ, ಇದು ಬರಿಯ ಕಹಿಯಲ್ಲ, ಘನವಾದ ಕಹಿಯೆಂಬ ಅರ್ಥದಲ್ಲಿ ‘ಅಮರೋನೆ’ ಎಂದನೆಂದೂ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಹೆಸರು ನಿಂತಿತು. 1950ರ ದಶಕದಲ್ಲಿ ಅಮರೋನೆ ಅಂಗಡಿಗಳಿಗೆ ಬಂತು. 1968ರಲ್ಲಿ ಇಟಲಿಯ ಸರಕಾರ ಈ ಸೀಮೆಯ ದ್ರಾಕ್ಷಾರಸಗಳಿಗೆ ಕಾನೂನಿನ ರಕ್ಷಣೆ ಕೊಟ್ಟಾಗ ಅಮರೋನೆಯನ್ನು ರೆಚೋತೊವಿನ ಒಂದು ಬಗೆಯೆಂದೇ ನಮೂದಿಸಿತ್ತು. ತಂದೆಯ ಹೆಸರನ್ನು ಮಗ ಹೊತ್ತಿದ್ದ. 1990ರ ದಶಕದ ಆರಂಭದಲ್ಲಿ ಮಗ ಆ ಹೆಸರನ್ನು ಕಳಚಿದ. 2010ರಲ್ಲಿ ಇಬ್ಬರಿಗೂ ಅತ್ಯುನ್ನತ ದರ್ಜೆಯ ಮಾನ್ಯತೆ ದೊರೆಯಿತು.

ದರ್ಜೆ ಒಂದೇ ಆದರೂ ಸ್ಥಿತಿ ಒಂದೇ ಅಲ್ಲ. ಅಮರೋನೆಗೆ ಇಂದು ಜಗತ್ತಿನ ಮಾರುಕಟ್ಟೆಯಿದೆ, ದೊಡ್ಡ ಬೆಲೆಯಿದೆ. ಅದಕ್ಕಾಗಿ ಒಣಗುವ ಹಣ್ಣಿನ ರಾಶಿಯ ಮುಂದೆ ರೆಚೋತೊವಿನ ಪಾಲು ಬಹು ಅಲ್ಪ. ಒಂದೇ ಹಣ್ಣು, ಒಂದೇ ಅಟ್ಟ, ಒಂದೇ ಕಾಯುವಿಕೆ. ಕೊನೆಯಲ್ಲಿ ಸಕ್ಕರೆಯನ್ನು ಉಳಿಸಬೇಕೋ ಕಳೆಯಬೇಕೋ ಎಂಬ ತೀರ್ಮಾನವಷ್ಟೆ ಬೇರೆ. ಲಾಭ ಇರುವ ಕಡೆಗೆ ರೈತ ವಾಲಿದರೆ ಅವನನ್ನು ದೂರುವಂತಿಲ್ಲ. ಸಿಹಿಯನ್ನು ಊಟದ ಕೊನೆಗೆ ಒಂದು ಗುಟುಕು ಕುಡಿಯುವರು, ಒಗರನ್ನು ಊಟದುದ್ದಕ್ಕೂ ಕುಡಿಯುವರು. ವ್ಯಾಪಾರದ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಆ ಅಮರೋನೆಯೂ ಹುಟ್ಟಿದ್ದು, ಲಾಭದ ಆಸೆಯಿಲ್ಲದೆ ಹಬ್ಬಕ್ಕಾಗಿ ಸಿಹಿ ಮಾಡುತ್ತಿದ್ದವರ ಅಟ್ಟದಲ್ಲಿ. ಅವರು ತಡಿಕೆಯನ್ನು ಎಂದೋ ಇಳಿಸಿಬಿಟ್ಟಿದ್ದರೆ ಇವನಿಗೆ ಜನ್ಮವೇ ಇರಲಿಲ್ಲ.

ಕ್ಯಾಸಿಯೊಡೋರಸನು ರಾಜನ ವೈಭವ ಮೆರೆಯಬೇಕೆಂದು ಆ ಪತ್ರವನ್ನು ಬರೆದ. ಆ ರಾಜರ ಹೆಸರುಗಳು ಇಂದು ಚರಿತ್ರೆಯ ವಿದ್ಯಾರ್ಥಿಗಳಿಗೂ ತಡವರಿಸುತ್ತವೆ. ಅವನು ಹೆಸರಿಸದೆ ಬಿಟ್ಟವರು, ಚಪ್ಪರದಿಂದ ಹಣ್ಣು ಆರಿಸಿ ತಲೆಕೆಳಗಾಗಿ ತೂಗುಹಾಕಿದವರು, ಮಂದಬಿಸಿಲಿನ ವರ್ಷವನ್ನೂ ಯುದ್ಧವನ್ನೂ ದಾಟಿ ಮತ್ತೆ ಅಟ್ಟ ಹತ್ತಿದರು. ಎಷ್ಟು ವರ್ಷ ತಡಿಕೆಗಳು ಬರಿದಾಗಿ ಇದ್ದುವೋ ಯಾರೂ ಬರೆದಿಟ್ಟಿಲ್ಲ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಆ ಕಣಿವೆಯ ಮನೆಯವರು ಒಳ್ಳೆಯ ಗೊಂಚಲುಗಳನ್ನು ಕೂಡಲೆ ಹಿಂಡದೆ ಪಕ್ಕಕ್ಕೆ ತೆಗೆದಿಡುವಾಗ, ಚಳಿಗಾಲವನ್ನು ದಾಟುವಷ್ಟು ಕಣಜದಲ್ಲಿದೆ ಎಂಬ ನಂಬಿಕೆಯಿಂದಲೇ ತೆಗೆದಿಡುತ್ತಾರೆ. ಆ ನಂಬಿಕೆ ಇರುವವರೆಗೆ ಆ ಸಿಹಿಯೂ ಇದ್ದೀತು.